ರೆಡಿಮೇಡ್ 3 ಅಡಿಯದ್ದಾ, ಗ್ಲಾಸ್ ಅಂಗಡಿಯ 4 ಅಡಿಯದ್ದಾ, ಹಳೇ ಟ್ಯಾಂಕಾ? ನಮ್ಮ ಮಳೆಗೆ ತಡೆದದ್ದು ಯಾವುದು

ಮೊದಲೇ ಹೇಳಿ ಬಿಡ್ತೇನೆ, ಮೀನು ಸಾಕುವ 2 ಅಡಿ ಟ್ಯಾಂಕಿನಿಂದ ದೊಡ್ಡದಕ್ಕೆ ಹೋಗುವ ಯೋಚನೆ ಇದ್ರೆ ಗ್ಲಾಸ್ ಅಂಗಡಿಯಲ್ಲಿ ಅಳತೆ ಕೊಟ್ಟು 4 ಅಡಿಯದ್ದನ್ನೇ ಮಾಡಿಸಿ. ಡಬ್ಬದಲ್ಲಿ ಬರುವ ರೆಡಿಮೇಡು ನಮ್ಮ ಮನೆಯಲ್ಲಿ ಇಡೀ ಒಂದು ಮಳೆಗಾಲ ಓಡಿದೆ, ಸೆಕೆಂಡ್ ಹ್ಯಾಂಡ್ ಟ್ಯಾಂಕು ನೀರ್ಚಾಲಿನಲ್ಲಿ ಚಿಕ್ಕಪ್ಪನ ಮಗ ತಗೊಂಡಾಗ ಅದಕ್ಕೆ ಸಿಲಿಕಾನ್ ಬಿಡಿಸಿ ಹಾಕ್ಲಿಕ್ಕೆ ನಾನೇ ಕೂತದ್ದು, ಮಾಡಿಸಿದ್ದು ಈಗ ನಮ್ಮ ಚಾವಡಿಯಲ್ಲಿ ಉಂಟು. ಮೂರರ ಕಷ್ಟಸುಖವೂ ಗೊತ್ತಾದ ಮೇಲೆಯೇ ಹೇಳುದು.

ದೊಡ್ಡದು ಬೇಕಾದದ್ದು ಮಿಸ್ ಕೇರಳ ಮೀನಿಗೆ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳದ್ದೇ ಮೀನು ಅದು, ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ, ಕೆಂಪು ಗೆರೆ ಕಪ್ಪು ಗೆರೆ ಎರಡೂ ಎದ್ದು ಕಾಣ್ತದೆ, ಮರಿ ಇರುವಾಗ ಎರಡು ಇಂಚು, ಬೆಳೆದ್ರೆ ಹತ್ತಿರ ಹತ್ತಿರ 15 ಸೆಂಟಿಮೀಟರ್ ಆಗ್ತದೆ ಮತ್ತೆ ಗುಂಪಿನಲ್ಲೇ ಇರ್ಬೇಕು, ಆ ಕಡೆಯಿಂದ ಈ ಕಡೆಗೆ ಓಡಿಕೊಂಡೇ ಇರ್ಬೇಕು. 2 ಅಡಿಯ ಟ್ಯಾಂಕಿನಲ್ಲಿ ಓಡ್ಲಿಕ್ಕೆ ಹೊರಡುವಷ್ಟರಲ್ಲಿ ಗ್ಲಾಸ್ ಸಿಕ್ಕಿ ತಿರುಗುದು, ನೋಡ್ಲಿಕ್ಕೇ ಆಗುದಿಲ್ಲ. (ತಗೊಳ್ಳುವವರು ಹ್ಯಾಚರಿಯಲ್ಲಿ ಮರಿ ಮಾಡಿದ್ದಾ ಹೊಳೆಯಿಂದ ಹಿಡಿದದ್ದಾ ಅಂತ ಕೇಳಿಯೇ ತಗೊಳ್ಳಿ, ಅಳಿವಿನ ಪಟ್ಟಿಯಲ್ಲಿ ಇರುವ ಮೀನು ಅದು.)

ಹಾಗಾಗಿ ನನಗೆ ಬೇಕಾದದ್ದು ಉದ್ದ, ಎತ್ತರ ಅಲ್ಲ. ಅಂಗಡಿಯ ರೆಡಿಮೇಡುಗಳು ಹೆಚ್ಚಿನವು ಎತ್ತರ ಜಾಸ್ತಿ, ಅಗಲ ಕಮ್ಮಿ, ಎದುರಿಂದ ನೋಡ್ಲಿಕ್ಕೆ ಚೆಂದ ಆದ್ರೆ ಗಾಳಿ ನೀರಿಗೆ ಇಳಿಯುದು ಮೇಲ್ಮೈಯಿಂದ ಅಲ್ವಾ, ಮೇಲ್ಮೈ ಕಮ್ಮಿ ಆದ್ರೆ ಲೀಟರ್ ಲೆಕ್ಕ ಎಷ್ಟಿದ್ದು ಎಂತ ಪ್ರಯೋಜನ. ನಾನು ಮಾಡಿಸಿದ್ದು 4 ಅಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ. 9 ಘನ ಅಡಿ, ಒಂದು ಘನ ಅಡಿಗೆ 28.3 ಲೀಟರ್, ಅಂದ್ರೆ 255 ಲೀಟರ್. ಹಳೇ 2 ಅಡಿಯದ್ದು 56 ಲೀಟರ್ ಇತ್ತು. ಒಂದೂವರೆ ಅಡಿ ಎತ್ತರ ಅಂದ್ರೆ ಕೈ ಹಾಕಿದ್ರೆ ತಳದ ಮರಳು ಸಿಗ್ತದೆ, ಸ್ಟೂಲ್ ಹತ್ತುವ ಕೆಲಸ ಇಲ್ಲ.

ಈಗ ರೆಡಿಮೇಡಿನ ಸಂಗತಿ. ಮನೆ ಒಕ್ಕಲಿಗೆ ಭಾವ ಉಡುಗೊರೆ ಕೊಟ್ಟದ್ದು, 3 ಅಡಿ, ಎದುರಿನ ಮೂಲೆಗಳು ಬಾಗಿದ ಗ್ಲಾಸು, ಮೇಲೆ ಮುಚ್ಚಳದಲ್ಲೇ ಲೈಟು ಫಿಲ್ಟರು ಎಲ್ಲ ಸೇರಿದ್ದು, ಕೆಳಗೆ ಅದರದ್ದೇ ಬಣ್ಣದ ಕ್ಯಾಬಿನೆಟ್ಟು. ಟ್ಯಾಂಕಿನ ಗ್ಲಾಸಿಗೆ ನಾನು ದೂರು ಹೇಳುದಿಲ್ಲ, ಒಳ್ಳೆಯದೇ. ಕ್ಯಾಬಿನೆಟ್ಟೇ ತಲೆಬಿಸಿ.

ಅದು ಪಾರ್ಟಿಕಲ್ ಬೋರ್ಡು. ಮೇಲೆ ತೆಳು ಹಾಳೆ ಅಂಟಿಸಿರ್ತಾರೆ, ಆದ್ರೆ ಕೆಳಗಿನ ಅಂಚಿಗೆ, ಸ್ಕ್ರೂ ಹೋಗುವ ತೂತಿಗೆ, ಹಿಂದೆ ವಯರ್ ಹೋಗ್ಲಿಕ್ಕೆ ಕೊರೆದ ಗುಂಡಿಗೆ ಏನೂ ಇಲ್ಲ, ಪುಡಿ ಪುಡಿ ಮರ ಹಾಗೇ ಹೊರಗೆ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಹತ್ತಿರ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೇ ಸುರಿದು ಮುಗಿಯುದು, ಆಟಿ ತಿಂಗಳಲ್ಲಿ (ಜುಲೈ ಆಗಸ್ಟ್) ಟೈಲ್ಸ್ ನೆಲವೇ ಬೆವರ್ತದೆ, ಬಟ್ಟೆ ಒಣಗುದಿಲ್ಲ, ಅಂಥಾದ್ರಲ್ಲಿ ಆ ಬೋರ್ಡು ನಿಂತದ್ದು ನೇರ ನೆಲದ ಮೇಲೆ. ನೆಲ ಒರೆಸಿದ ನೀರೂ ಅದೇ ಅಂಚಿಗೆ. ಸಾಲದ್ದಕ್ಕೆ ಮುಚ್ಚಳದ ಫಿಲ್ಟರಿನ ಸ್ಪಂಜು ಸ್ವಲ್ಪ ಕಟ್ಟಿದ್ರೆ ತಟ್ಟೆ ತುಂಬಿ ನೀರು ಹಿಂದಿನ ಅಂಚಿನಿಂದ ವಯರ್ ಹಿಡಿದುಕೊಂಡು ಇಳಿಯುದು, ಅದು ಕಾಣುದೇ ಇಲ್ಲ, ಟ್ಯಾಂಕು ಗೋಡೆಗೆ ಒತ್ತಿ ಇಟ್ಟಿರ್ತೇವೆ ಅಲ್ವಾ, ಹಿಂದೆ ಬಗ್ಗಿ ನೋಡುವವರು ಯಾರು.

ಮಳೆಗಾಲ ಅರ್ಧ ಆಗುವಷ್ಟರಲ್ಲಿ ಹಿಂದಿನ ಎಡ ಮೂಲೆ ನೆನೆಸಿಟ್ಟ ಅವಲಕ್ಕಿಯ ಹಾಗೆ ಉಬ್ಬಿ ಮೆತ್ತಗಾಗಿತ್ತು. ಈ ಬೋರ್ಡು ಒಮ್ಮೆ ಉಬ್ಬಿದ್ರೆ ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಬರುದಿಲ್ಲ, ಒಳಗಿನ ಅಂಟು ಬಿಟ್ಟಾಗಿರ್ತದೆ, ಪೇಂಟು ವಾರ್ನಿಷು ಆಮೇಲೆ ಹಾಕಿ ಏನೂ ಆಗುದಿಲ್ಲ. ಮತ್ತೆ ಇದು ಬಟ್ಟೆ ಇಡುವ ಕಪಾಟಲ್ಲ, ಮೇಲೆ ನೂರು ಲೀಟರಿಗಿಂತ ಜಾಸ್ತಿ ನೀರು ಕೂತಿದೆ. ಫ್ರೇಮ್ ಇರುವ ಟ್ಯಾಂಕಿನ ಭಾರ ಪೂರಾ ಸುತ್ತಲಿನ ಅಂಚಿನ ಮೇಲೆ ಬೀಳುದು, ಒಂದು ಮೂಲೆ ಮೇಲೆ ಕೆಳಗೆ ಆದ್ರೆ ಇಡೀ ಪೆಟ್ಟಿಗೆ ತಿರುಚಿದ ಹಾಗೆ ಆಗಿ ಒತ್ತಡ ಹೋಗಿ ಸೇರುದು ಸಿಲಿಕಾನ್ ಜಾಯಿಂಟಿಗೆ. ನೀರಿನ ಮಟ್ಟ ನೋಡಿದ್ರೆ ಸಾಕು, ಒಂದು ಕಡೆ ಫ್ರೇಮಿಗೆ ತಾಗ್ತಾ ಉಂಟು, ಇನ್ನೊಂದು ಕಡೆ ಬೆರಳಷ್ಟು ಕೆಳಗೆ. ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನನಗೆ.

ಕಡೆಗೆ ಮೀನುಗಳನ್ನೆಲ್ಲ ಡ್ರಮ್ಮಿಗೆ ಹಾಕಿ, ನೀರು ತೆಗೆದು, ಕ್ಯಾಬಿನೆಟ್ ಬಿಸಾಡಿ ಎರಡು ಕಡೆ ಮುರಕಲ್ಲು (ಜಂಬಿಟ್ಟಿಗೆ) ಕಟ್ಟಿ ಮೇಲೆ ಕಡಪ ಕಲ್ಲು ಹಾಸಿದ್ದು. ಈಗಲೂ ಆ ಟ್ಯಾಂಕು ಅದರ ಮೇಲೇ ಉಂಟು, ಮರಿಗಳನ್ನು ಬಿಡ್ಲಿಕ್ಕೆ ಬಳಸ್ತೇವೆ. ಅಂಗಡಿಯವರಲ್ಲಿ ಕೇಳಿದ್ರೆ ಕ್ಯಾಬಿನೆಟ್ಟಿಗೆ ವಾರಂಟಿ ಇಲ್ಲ ಅಂದ್ರು, ಟ್ಯಾಂಕಿಗೆ ಮಾತ್ರ ಅಂತೆ. ಹಾಗಾಗಿ ರೆಡಿಮೇಡೇ ಬೇಕು ಅನ್ನುವವರು ಟ್ಯಾಂಕು ಮಾತ್ರ ತಗೊಳ್ಳಿ, ಕ್ಯಾಬಿನೆಟ್ ಬೇಡ ಅಂತ ಬಾಯಿ ಬಿಟ್ಟು ಹೇಳಿ.

ಮುಚ್ಚಳದ ಇನ್ನೊಂದು ಕಿರಿಕಿರಿ ಸೆಕೆ. ಏಪ್ರಿಲ್ ಮೇ ತಿಂಗಳಲ್ಲಿ ಒಳಗೆ ಬಿಸಿ ಕಟ್ಟಿ ನಿಲ್ತದೆ, ಮಿಸ್ ಕೇರಳಕ್ಕೆ ತಂಪು ನೀರು, ಹರಿಯುವ ನೀರು, ಗಾಳಿ ಇರುವ ನೀರು ಬೇಕು. ತೆರೆದ ಟ್ಯಾಂಕಾದ್ರೆ ಮೇಲಿಂದ ಒಂದು ಸಣ್ಣ ಫ್ಯಾನ್ ಇಟ್ರೂ ಸ್ವಲ್ಪ ಇಳಿಯುತ್ತದೆ. ಮೀನು ಹಾರ್ತದೆ, ಬಲೆ ಹಾಕಿ. ಲೈಟು ಎರಡರಲ್ಲೂ ಒಂದೇ.

ಸೆಕೆಂಡ್ ಹ್ಯಾಂಡ್ ಕಮ್ಮಿಗೆ ಸಿಗ್ತದೆ, ಗಲ್ಫಿಗೆ ಹೋಗುವವರು, ಮನೆ ಬದಲಿಸುವವರು ಕೊಟ್ಟು ಬಿಡ್ತಾರೆ. ನೀರ್ಚಾಲಿನದ್ದು 4 ಅಡಿಯದ್ದೇ, ಆದ್ರೆ ಮೂರು ವರ್ಷ ಖಾಲಿ ಬಿಸಿಲಲ್ಲಿ ಇತ್ತಂತೆ. ಹೊಸ ಸಿಲಿಕಾನು ಹಳೇ ಸಿಲಿಕಾನಿನ ಮೇಲೆ ಹಿಡಿಯುದಿಲ್ಲ, ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ, ಮೇಲಿಂದ ಮೇಲೆ ತೇಪೆ ಹಚ್ಚಿದ್ರೆ ಸೋರುದೇ. ಬ್ಲೇಡಿನಲ್ಲಿ ಪೂರಾ ಕೆರೆದು ತೆಗೆದು ಗ್ಲಾಸು ಒರೆಸಿ ಹೊಸತಾಗಿ ಹಾಕ್ಬೇಕು, ಬಾತ್‌ರೂಮಿಗೆ ಹಾಕುವ ಫಂಗಸ್ ತಡೆಯುವ ಸಿಲಿಕಾನ್ ಹಾಕ್ಲೇಬಾರ್ದು, ಅದರ ಮದ್ದು ಮೀನಿಗೆ ವಿಷ. ಅವನದ್ದು ಈಗ ಸರಿ ಉಂಟು. ಟೈಮು, ತಾಳ್ಮೆ ಇದ್ದವರಿಗೆ ಅಡ್ಡಿ ಇಲ್ಲ, ಆದ್ರೆ ಅಷ್ಟು ಕೆರೆಯುವ ಕೆಲಸ ಮಾಡುದಾದ್ರೆ ಹೊಸ ಗ್ಲಾಸೇ ಆಗಬಹುದು ಅಂತ ನನಗೆ.

ಮಾಡಿಸಿದ್ದು ಕಾಸರಗೋಡು ಪೇಟೆಯಲ್ಲಿ, ಕಿಟಕಿ ಗ್ಲಾಸ್ ಮಾಡುವವರೇ. 10 ಎಂ.ಎಂ. ಗ್ಲಾಸು, ಮೇಲೆ ಉದ್ದಕ್ಕೆ ಎರಡು ಪಟ್ಟಿ, ಮಧ್ಯ ಒಂದು ಅಡ್ಡ ಪಟ್ಟಿ. ಅವರು 8 ಸಾಕು ಅಂದ್ರು, ಪಟ್ಟಿ ಇದ್ರೆ ಒಂದೂವರೆ ಅಡಿ ಎತ್ತರಕ್ಕೆ 8 ನಡೆಯುತ್ತದೆ, ನಾನು ಮನಸ್ಸಿನ ಸಮಾಧಾನಕ್ಕೆ 10 ಹಾಕಿಸಿದ್ದು. ವಿನೆಗರ್ ವಾಸನೆ ಬರುವ ಸಿಲಿಕಾನು, ಆ ವಾಸನೆ ಪೂರಾ ಹೋಗುವವರೆಗೆ ಮುಟ್ಟಬಾರ್ದು, ಮತ್ತೆ ಅಂಗಳದಲ್ಲೇ ನೀರು ತುಂಬಿಸಿ ನೋಡಿ ಆಮೇಲೆ ಒಳಗೆ ತನ್ನಿ. ಕಷ್ಟ ಅಂದ್ರೆ ತರುದೇ, ಗ್ಲಾಸೇ 50 ಕಿಲೋ ದಾಟ್ತದೆ, ನಮ್ಮ ಮನೆ ತೋಟದ ಬದಿಯಲ್ಲಿ ಕೆಳಗೆ, ಜೀಪು ಮೇಲೆ ಗೇಟಿನವರೆಗೆ ಮಾತ್ರ, ಅಲ್ಲಿಂದ ನಾಲ್ಕು ಜನ ಹಿಡಿದು ಮೆಟ್ಟಿಲು ಇಳಿಸಿದ್ದು. ನೀರು ಮರಳು ಸೇರಿದ್ರೆ ಮುನ್ನೂರು ಕಿಲೋ ದಾಟ್ತದೆ, ಮಹಡಿಯಲ್ಲಿ ಇಡುವವರು ಎಂಜಿನಿಯರನ್ನು ಕೇಳಿ. ಸ್ಟ್ಯಾಂಡು ಜಿಐ (ಝಿಂಕ್ ಲೇಪದ ಕಬ್ಬಿಣ) ಚೌಕ ಪೈಪು ವೆಲ್ಡಿಂಗ್ ಮಾಡಿಸಿ ಜಾಯಿಂಟಿಗೆ ಝಿಂಕ್ ಪೇಂಟು, ಕಾಲಿಗೆ ರಬ್ಬರು, ಮೇಲೆ ಮೆರೈನ್ ಪ್ಲೈವುಡ್ಡು, ರಸಮಟ್ಟ ಇಟ್ಟು ನೋಡಿ ಅದರ ಮೇಲೆ ಥರ್ಮಕೋಲ್ ಹಾಸಿ ಟ್ಯಾಂಕು. ಥರ್ಮಕೋಲು ತಳ ಸಪಾಟು ಇರುವ ಟ್ಯಾಂಕಿಗೆ ಮಾತ್ರ, ಫ್ರೇಮಿನದ್ದಕ್ಕೆ ಬೇಡ.

ಫಿಲ್ಟರಿಗೆ ಎಲ್ಲರೂ ಕ್ಯಾನಿಸ್ಟರ್ ಅಂತಾರೆ, ಟ್ಯಾಂಕಿನ ಹೊರಗೆ ಇಡುವ ಮುಚ್ಚಿದ ಡಬ್ಬದ ಫಿಲ್ಟರು ಅದು. ನಮ್ಮಲ್ಲಿ ಗಾಳಿ ಮಳೆಗೆ ಮರ ಬಿದ್ರೆ ಕರೆಂಟು ಬರುದು ಮರುದಿನ, ಮುಚ್ಚಿದ ಕ್ಯಾನಿಸ್ಟರಿನ ಒಳಗೆ ಮೀನಿನ ಗಲೀಜು ಕರಗಿಸುವ ಬ್ಯಾಕ್ಟೀರಿಯಾ ಉಸಿರಿಲ್ಲದೆ ಸತ್ತು ನೀರು ನಾರ್ತದೆ, ಕರೆಂಟು ಬಂದ ಕೂಡಲೇ ಆ ನೀರೇ ಟ್ಯಾಂಕಿಗೆ. ನಾನು ಎರಡು ದೊಡ್ಡ ಸ್ಪಂಜ್ ಫಿಲ್ಟರು, ಬ್ಯಾಟರಿ ಇರುವ ಏರ್ ಪಂಪು, ನೀರು ಓಡಿಸ್ಲಿಕ್ಕೆ ಒಂದು ಸಣ್ಣ ಪಂಪು ಇಷ್ಟರಲ್ಲೇ ಮುಗಿಸಿದ್ದೇನೆ. ಸ್ಪಂಜುಗಳನ್ನು ಮೊದಲು ಹಳೇ ಟ್ಯಾಂಕಿನಲ್ಲಿ ಓಡಿಸಿ, ಆ ಬ್ಯಾಕ್ಟೀರಿಯಾ ಹಿಡಿದ ಮೇಲೆ ಅಲ್ಲಿಂದ ಹೊಸತಕ್ಕೆ ತಂದದ್ದರಿಂದ ಅಮೋನಿಯ ಏರಿ ಮೀನು ಸಾಯುವ ರಗಳೆ ಬರ್ಲಿಲ್ಲ.

ನೀರಿನ ಒಂದು ಮಾತು ಯಾವ ಟ್ಯಾಂಕಿಗೂ ಹೊಂದ್ತದೆ. ನಮ್ಮ ಮುರಕಲ್ಲಿನ ಬಾವಿ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ತುಂಬ ಮೆದು, ಪಿಎಚ್ ಕಮ್ಮಿ, ಅಂದ್ರೆ ಸ್ವಲ್ಪ ಹುಳಿ. ಮೀನಿನ ಗಲೀಜು ಕರಗಿಸುವ ಬ್ಯಾಕ್ಟೀರಿಯಾ ನೀರಿನಲ್ಲಿರುವ ಕ್ಷಾರವನ್ನೇ ತಿಂದು ಮುಗಿಸುದು, ಅದು ಮುಗಿದ್ರೆ ಪಿಎಚ್ ಒಮ್ಮೆಲೇ ಬೀಳ್ತದೆ. ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ಕುದಿಸಿ ತೊಳೆದು ಒಂದು ಬಲೆ ಚೀಲದಲ್ಲಿ ಹಾಕಿಟ್ರೆ ಅದು ನಿಧಾನ ಕರಗಿ ಪಿಎಚ್ ಬೀಳದ ಹಾಗೆ ಹಿಡಿದು ನಿಲ್ಲಿಸ್ತದೆ.

ಖರ್ಚು: ಗ್ಲಾಸು 9,500, ಸ್ಟ್ಯಾಂಡು 6,000, ಫಿಲ್ಟರು ಪಂಪುಗಳು 2,500, ಲೈಟು 1,800. ಭಾವ ಕೊಟ್ಟ 3 ಅಡಿಯದ್ದಕ್ಕೆ 18,000 ಆಗಿತ್ತು. ನಾನು ಬೆಳಿಗ್ಗೆ ತೋಟಕ್ಕೆ ಹೋದ್ರೆ ಬರುದು ಮಧ್ಯಾಹ್ನ, ವಾರಕ್ಕೊಮ್ಮೆ ಭಾನುವಾರ ನೀರು ಬದಲಿಸುದು, ಮಧ್ಯದಲ್ಲಿ ಟ್ಯಾಂಕು ನನ್ನನ್ನು ಕರೆಯಬಾರ್ದು, ನನಗೆ ಬೇಕಾದದ್ದು ಅಷ್ಟೇ, ಅದಕ್ಕೆ ಜಾಸ್ತಿ ನೀರು, ಕಮ್ಮಿ ಮಶೀನು. ಪೇಟೆಯಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿ ಇದ್ದುಕೊಂಡು ಎರಡು ವರ್ಷಕ್ಕೊಮ್ಮೆ ಮನೆ ಬದಲಿಸುವವರಾದ್ರೆ 3 ಅಡಿಯದ್ದೇ ಸರಿ, ಎತ್ತಿಕೊಂಡು ಹೋಗ್ಬಹುದು. ಮಾಡಿಸುವವರು ಏಪ್ರಿಲಿನ ಒಳಗೆ ಆರ್ಡರ್ ಕೊಡಿ, ಮಳೆ ಹಿಡಿದ ಮೇಲೆ ಪಾಚಿ ಕಟ್ಟಿದ ಮೆಟ್ಟಿಲಲ್ಲಿ 50 ಕಿಲೋ ಗ್ಲಾಸು ಹಿಡಿದುಕೊಂಡು ಇಳಿಯುವ ಧೈರ್ಯ ಯಾರೂ ಮಾಡಬೇಡಿ.