ಮುಂಬೈಯಲ್ಲಿ ಟಿಪ್ಸ್ ಇಡುವ ಮುಂಚೆ ಬಿಲ್ ಪೂರ್ತಿ ಓದಿ

ಅಪ್ಪ ಅಮ್ಮನಿಗೆ ಮುಂಬೈ ತೋರಿಸಲು ಹೋಗಿದ್ದೆ. ಗೇಟ್‌ವೇ ನೋಡಿ ಸುಸ್ತಾಗಿ ಕೊಲಾಬಾದ ಒಂದು ಎಸಿ ರೆಸ್ಟೋರೆಂಟಿಗೆ ಹೊಕ್ಕೆವು. ಬಡಿಸಿದ ಹುಡುಗ ಕುಂದಾಪುರದ ಕಡೆಯವನು. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ ತಡ, ಅಪ್ಪನಿಗೆ ಕೇಳದೆಯೇ ಬಿಸಿನೀರು ತಂದಿಟ್ಟ. ಬಿಲ್ 2,772 ರೂಪಾಯಿ. ಕೊನೆಯ ಮೊತ್ತ ಮಾತ್ರ ನೋಡಿ ಕಾರ್ಡ್ ಕೊಟ್ಟೆ. ಹುಡುಗನಿಗೆಂದು 250 ರೂಪಾಯಿ ಬೇರೆ ಇಟ್ಟೆ.

ರಾತ್ರಿ ಮಾಟುಂಗಾದಲ್ಲಿ ಚಿಕ್ಕಮ್ಮ ಆ ಬಿಲ್ ನೋಡಿ, "ಟಿಪ್ಸ್ ಎರಡು ಸಲ ಕೊಟ್ಟಿದ್ದೀಯಲ್ಲೋ!" ಅಂದರು. ಊಟಕ್ಕೆ 2,400. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಎಸ್.ಸಿ. 10%' ಅಂತ 240. ಆಮೇಲೆ ಸಿಜಿಎಸ್‌ಟಿ 66, ಎಸ್‌ಜಿಎಸ್‌ಟಿ 66. ಎಲ್ಲ ಒಂದೇ ಥರ ಕಾಣುವ ಸಾಲುಗಳು. ಎಲ್ಲವೂ ಸರ್ಕಾರದ ಟ್ಯಾಕ್ಸ್ ಅಂದುಕೊಂಡಿದ್ದೆ. ಎಸ್.ಸಿ. ಅಂದರೆ ಸರ್ವಿಸ್ ಚಾರ್ಜ್, ಬಡಿಸಿದ್ದಕ್ಕೆಂದು ಹೋಟೆಲಿನವರೇ ಹಾಕುವ ದುಡ್ಡು, ಟ್ಯಾಕ್ಸ್ ಅಲ್ಲ. ಅದರ ಮೇಲೂ 12 ರೂಪಾಯಿ ಜಿಎಸ್‌ಟಿ ಹಾಕಿದ್ದರು. ಅಲ್ಲಿಗೆ 252 ರೂಪಾಯಿ ಸುಮ್ನೆ ಹೋಯಿತು.

ಹೀಗೆ ಕೇಳದೆ ಬಿಲ್ಲಿಗೆ ಸೇರಿಸುವಂತಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಬೇರೆ ಹೆಸರಿನಲ್ಲಿ ವಸೂಲಿ ಮಾಡುವಂತೆಯೂ ಇಲ್ಲ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡುವುದು, ಬಿಡುವುದು ನಮ್ಮಿಷ್ಟ.

ಮರುದಿನ ಫೋನ್ ಮಾಡಿದರೆ ಮ್ಯಾನೇಜರ್, "ಮೆನುವಿನಲ್ಲಿ ಬರೆದಿದೆ, ನೋಡಬೇಕಿತ್ತು" ಅಂದ. ಮೆನುವಿನಲ್ಲಿ ಬರೆದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ದುಡ್ಡು ಇನ್ನೂ ಬಂದಿಲ್ಲ. ಆ ಹುಡುಗನಿಗೆ ಕೊಟ್ಟಿದ್ದಕ್ಕೆ ನನಗೆ ಒಂಚೂರೂ ಬೇಜಾರಿಲ್ಲ. ಅವನ ಹೆಸರಲ್ಲಿ ಕಿತ್ತುಕೊಂಡರಲ್ಲ, ಅದೇ ಸಂಕಟ.

ಕಾರ್ಡ್ ಕೊಡುವ ಮುಂಚೆಯೇ "ಸರ್ವಿಸ್ ಚಾರ್ಜ್ ಹಟಾ ದೀಜಿಯೇ" (ತೆಗೆದುಬಿಡಿ) ಅನ್ನಿ, ಹೊಸ ಬಿಲ್ ಕೇಳಿ. ದುಡ್ಡು ಕೊಟ್ಟಾದ ಮೇಲೆ ವಾಪಸ್ ಪಡೆಯುವುದು ಬಹಳ ಕಷ್ಟ. ಟಿಪ್ಸ್ ಕೊಡಬೇಕು ಅನ್ನಿಸಿದರೆ ನಗದಾಗಿ, ಬಡಿಸಿದವರ ಕೈಗೇ ಕೊಡಿ. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಚಿಕ್ಕಮ್ಮ ಸೋಂಪಿನ ತಟ್ಟೆಯಲ್ಲಿ ಹತ್ತಿಪ್ಪತ್ತು ರೂಪಾಯಿ ಬಿಟ್ಟು ಏಳುತ್ತಾರೆ, ಅಷ್ಟೆ. ಕಾಲಿ ಪೀಲಿ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿಗೆ ಮೀಟರ್ ತೋರಿಸಿದಷ್ಟು ಸಾಕು, ಚಿಲ್ಲರೆ ಬಿಟ್ಟರೆ ಖುಷಿಪಡುತ್ತಾರೆ. ಸ್ಟೇಷನ್ನಿನ ಕೂಲಿಯವರ ಹತ್ತಿರ ಮಾತ್ರ ಪೆಟ್ಟಿಗೆ ತಲೆಗೇರುವ ಮುಂಚೆಯೇ ರೇಟು ಮಾತಾಡಿಕೊಳ್ಳಿ.