ಟರ್ಬೊ ಇಂಜಿನ್ನಿಗೆ ಐಡಲ್ ವಾಲ್ವ್ ಹಾಕಿಸುವವರು ಮೊದಲು ಪೈಪ್ ನೋಡಿ

ಟರ್ಬೊ (ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಪಂಪು) ಕೂರಿಸಿದ ಇಂಜಿನ್ನಿಗೆ ಐಡಲ್ ವಾಲ್ವ್ (ಆಕ್ಸಿಲರೇಟರ್ ಒತ್ತದಿದ್ದಾಗಲೂ ಇಂಜಿನ್ ಓಡುತ್ತಿರುವಂತೆ, ಅಂದರೆ ಐಡಲಿಂಗ್‌ನಲ್ಲಿರುವಂತೆ ನೋಡಿಕೊಳ್ಳುವ ವಾಲ್ವ್) ಹಾಕಿಸುತ್ತಿದ್ದೀರಾ? ಅದರ ಎರಡು ಪೈಪು ಎಲ್ಲೆಲ್ಲಿಗೆ ಹೋಗುತ್ತವೆ ಅಂತ ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಪುಣೆಯಲ್ಲಿ ಆಟೋಕ್ರಾಸ್ (ಮೈದಾನದಲ್ಲಿ ಕೋನ್ ಇಟ್ಟು ನಡೆಸುವ ಕಾರು ಸ್ಪರ್ಧೆ) ಓಡಿಸುವ ನಮ್ಮ ಕಡೆಯ ಹುಡುಗರು ಇದನ್ನು ಓದಲೇಬೇಕು.

ನನ್ನ ಅಕ್ಕನ ಮಗನದು ಹಳೆಯ ಎಸ್ಟೀಮ್, 1.3 ಲೀಟರ್ ಇಂಜಿನ್. ಮೈದಾನದಲ್ಲಿ ಮಾತ್ರ ಓಡುವ ಕಾರು, ಟ್ರೇಲರ್ ಮೇಲೆ ಹೋಗಿ ಬರುತ್ತದೆ. (ಇಂಜಿನ್ ಹೀಗೆ ಬದಲಾಯಿಸಿದ ಕಾರನ್ನು ರಸ್ತೆಗೆ ಇಳಿಸಲು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅಡ್ಡ ಬರುತ್ತದೆ, ನೆನಪಿರಲಿ.) ಟರ್ಬೊ, ಹೊಸ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಐಡಲ್ ವಾಲ್ವ್ ಎಲ್ಲ ಇಲ್ಲಿನ ಒಂದೇ ಗ್ಯಾರೇಜಿನಲ್ಲಿ ಆಯಿತು.

ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್, ಅಂದರೆ ಇಂಜಿನ್ನಿಗೆ ಗಾಳಿ ಹೋಗುವ ಬಾಗಿಲು, ಮುಚ್ಚಿಕೊಳ್ಳುತ್ತದೆ. ಆಗ ಇಂಜಿನ್ ಬಂದ್ ಆಗದಂತೆ ಈ ವಾಲ್ವ್ ಪಕ್ಕದ ದಾರಿಯಿಂದ ಬೇಕಾದಷ್ಟೇ ಗಾಳಿ ಬಿಡುತ್ತದೆ. ಸಾದಾ ಇಂಜಿನ್ನಿನಲ್ಲಿ ಗಾಳಿ ಯಾವಾಗಲೂ ಹೊರಗಿನಿಂದ ಮ್ಯಾನಿಫೋಲ್ಡ್ (ಥ್ರಾಟಲ್ ದಾಟಿದ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆ) ಒಳಗೇ ಹೋಗುತ್ತದೆ. ಟರ್ಬೊ ಬಂದ ಮೇಲೆ ಹಾಗಲ್ಲ. ಪುಣೆ ಎತ್ತರದಲ್ಲಿದೆ, ಇಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 95 ಕಿಲೋಪಾಸ್ಕಲ್. ಐಡಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಒಳಗೆ ಅದರ ಅರ್ಧಕ್ಕಿಂತ ಕಡಿಮೆ. 0.6 ಬಾರ್ ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡ, 60 ಕಿಲೋಪಾಸ್ಕಲ್) ಬಂತೆಂದರೆ 155ಕ್ಕೆ ಏರುತ್ತದೆ. ವಾಲ್ವಿನ ಇನ್ನೊಂದು ತುದಿ ಹೊರಗಿನ ಒತ್ತಡದಲ್ಲೇ ಇದ್ದರೆ ಆಗ ಗಾಳಿ ವಾಲ್ವಿನಿಂದ ಹಿಂದಕ್ಕೆ ನುಗ್ಗುತ್ತದೆ.

ಆ ಗ್ಯಾರೇಜಿನವರು ವಾಲ್ವಿಗೆ ಗಾಳಿಯನ್ನು ಟರ್ಬೊಗಿಂತ ಮುಂಚೆ, ಏರ್ ಫಿಲ್ಟರ್ ಪಕ್ಕದ ಪೈಪಿನಿಂದ ತೆಗೆದಿದ್ದರು. ಮಧ್ಯೆ ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ಒಂದು ಚೆಕ್ ವಾಲ್ವೂ ಇಲ್ಲ. ಬೂಸ್ಟ್ ಸೋರಿಹೋಗುತ್ತಿತ್ತು, ಅದು ಹೋಗಲಿ. ಸ್ಟೆಪ್ಪರ್ ಮಾದರಿಯ (ಮೋಟಾರು ಹೆಜ್ಜೆ ಹೆಜ್ಜೆಯಾಗಿ ಸೂಜಿ ಸರಿಸುವ) ವಾಲ್ವಿನ ಸೂಜಿ ಎಲ್ಲಿದೆ ಅಂತ ಇಸಿಯುಗೆ ಕಾಣುವುದಿಲ್ಲ. ತಾನು ಸರಿಸಿದ ಹೆಜ್ಜೆಗಳನ್ನು ಎಣಿಸುತ್ತದೆ, ಅಷ್ಟೇ. ಬೂಸ್ಟ್ ಗುದ್ದಿ ಸೂಜಿ ಜಾರಿದರೆ ಲೆಕ್ಕ ತಪ್ಪಿತು. ಒಮ್ಮೆ ಐಡಲಿಂಗ್ ನಿಮಿಷಕ್ಕೆ 2,000 ಸುತ್ತಿನಲ್ಲಿ ನಿಲ್ಲುವುದು, ಇನ್ನೊಮ್ಮೆ ಇಂಜಿನ್ನೇ ಬಂದ್.

ಗ್ಯಾರೇಜಿನವರು "ಟ್ಯೂನಿಂಗ್ ಬಾಕಿ ಇದೆ" ಅಂತ ಮತ್ತೆ ದುಡ್ಡು ತೆಗೆದುಕೊಂಡರು. ಅದೂ ಸಾಲದೆ ಥ್ರಾಟಲ್ ಎಷ್ಟು ಮುಚ್ಚಬೇಕು ಅಂತ ಮಿತಿ ಇಡುವ ಸ್ಟಾಪ್ ಸ್ಕ್ರೂ ತಿರುಗಿಸಿ ಕಳಿಸಿದರು. ನನಗೆ ತುಂಬಾ ಸಿಟ್ಟು ಬಂದದ್ದು ಇದಕ್ಕೇ. ಆ ಸ್ಕ್ರೂ ತಿರುಗಿಸಿದರೆ ಥ್ರಾಟಲ್ ಸೆನ್ಸರಿನ ಓದು ಬದಲಾಗುತ್ತದೆ. ಅದನ್ನು ಇಸಿಯುನಲ್ಲಿ ಸರಿಹೊಂದಿಸದಿದ್ದರೆ ಕಾಲು ತೆಗೆದಿದ್ದೀರಿ ಅಂತಲೇ ಅದಕ್ಕೆ ಗೊತ್ತಾಗುವುದಿಲ್ಲ, ಐಡಲ್ ಕಂಟ್ರೋಲ್ ಶುರುವಾಗುವುದೇ ಇಲ್ಲ.

ಪ್ರಾಕ್ಟೀಸ್ ದಿನ ಹುಡುಗ ಜೋರಾಗಿ ಬಂದು ತಿರುವಿಗೆ ಬ್ರೇಕ್ ಒತ್ತಿದ. ಇಂಜಿನ್ ಬಂದ್. ಬ್ರೇಕ್ ಬೂಸ್ಟರಿನಲ್ಲಿ (ಬ್ರೇಕ್ ಒತ್ತಲು ನೆರವಾಗುವ ಭಾಗ) ಉಳಿದ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವಷ್ಟೇ ಇರುತ್ತದೆ. ಆಮೇಲೆ ಪೆಡಲ್ ಬಿಗಿ. ಕೋನ್‌ಗಳನ್ನು ಹಾರಿಸಿಕೊಂಡು ಕಾರು ಮಣ್ಣಿನ ದಿಬ್ಬಕ್ಕೆ ತಾಗಿ ನಿಂತಿತು. "ಮಾಮಾ, ಬ್ರೇಕ್ ಕಲ್ಲಾಗ್ಯಾದ!" ಅಂತ ಕೂಗುತ್ತಾ ಇಳಿದ. ಅವನ ಕೈ ನಡುಗುತ್ತಿತ್ತು. ದಿಬ್ಬದ ಆಚೆ ಜನ ನಿಂತಿದ್ದರು.

ಆಮೇಲೆ ಸೊಲ್ಲಾಪುರ ಕಡೆಯ ಒಬ್ಬ ಮೇಸ್ತ್ರಿಗೆ ತೋರಿಸಿದೆವು. ಅವರು ಲ್ಯಾಪ್‌ಟಾಪ್ ತೆಗೆಯುವ ಮುಂಚೆ ಪೈಪಿನ ಜಾಡು ಹಿಡಿದರು. ವಾಲ್ವಿನ ಗಾಳಿಯನ್ನು ಇಂಟರ್‌ಕೂಲರ್ (ಟರ್ಬೊದಿಂದ ಬಂದ ಬಿಸಿ ಗಾಳಿ ತಣಿಸುವ ಭಾಗ) ದಾಟಿದ ಮೇಲೆ, ಥ್ರಾಟಲ್‌ಗಿಂತ ಮುಂಚೆ ತೆಗೆದರು. ಹೀಗಿದ್ದರೆ ಥ್ರಾಟಲ್ ತೆರೆದಾಗ ವಾಲ್ವಿನ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಒತ್ತಡ, ಸೂಜಿ ಜಾರುವುದಿಲ್ಲ. ಸ್ಕ್ರೂ ಹಳೆಯ ಜಾಗಕ್ಕೆ ಬಂತು. ಪೈಪಿನ ತುದಿಗೆ ಉಬ್ಬು ಮಾಡಿಸಿ ಕ್ಲಾಂಪ್ ಬಿಗಿದರು, ಸುಮ್ನೆ ನುಣುಪು ಪೈಪಿಗೆ ಹೋಸ್ ಸಿಕ್ಕಿಸಿದರೆ ಬೂಸ್ಟಿಗೆ ಕಿತ್ತು ಬರುತ್ತದೆ. ನಿಮ್ಮ ಕಾರಿನಲ್ಲಿ ಏರ್ ಫ್ಲೋ ಸೆನ್ಸರ್ (ಒಳಹೋಗುವ ಗಾಳಿ ಅಳೆಯುವ ಸೆನ್ಸರ್) ಇದ್ದರೆ ವಾಲ್ವಿನ ಗಾಳಿಯೂ ಆ ಸೆನ್ಸರ್ ದಾಟಿಯೇ ಬರಬೇಕು, ಇಲ್ಲದಿದ್ದರೆ ಪೆಟ್ರೋಲ್ ಲೆಕ್ಕ ಕೆಡುತ್ತದೆ.

ಈಗ ಐಡಲಿಂಗ್ ನಿಮಿಷಕ್ಕೆ 900 ಸುತ್ತಿನಲ್ಲಿ ನಿಲ್ಲುತ್ತದೆ. ಮೊದಲ ಗ್ಯಾರೇಜಿನವರು ಎರಡನೇ ಟ್ಯೂನಿಂಗ್ ದುಡ್ಡು ವಾಪಸ್ ಕೊಡಲು ಇನ್ನೂ ಒಪ್ಪಿಲ್ಲ. ಅವರ ಹತ್ತಿರ ಇನ್ನೂ ಯಾರ ಯಾರ ಕಾರು ಹೀಗೇ ಆಗಿದೆಯೋ ಅನ್ನುವುದೇ ನನ್ನ ಚಿಂತೆ. ನಿಮ್ಮದೂ ಬೂಸ್ಟ್ ಬಂದ ಮೇಲೆ ಐಡಲಿಂಗ್ ತಪ್ಪುತ್ತಿದ್ದರೆ, ಮುಂದಿನ ಪ್ರಾಕ್ಟೀಸಿಗೆ ಮುಂಚೆ ಬಾನೆಟ್ ಎತ್ತಿ ಆ ಪೈಪ್ ಎಲ್ಲಿಂದ ಹೊರಟಿದೆ ನೋಡಿ.