ಮಕ್ಕಳಿಗೆ ವಿಜ್ಞಾನ ಬರೆಯುವವರಿಗೆ ಸ್ಟೋರಿವೀವರ್

ಕಥೆ, ಕವಿತೆ ಬರೆಯುವವರಿಗೆ ಬಳಗ ಸುಲಭವಾಗಿ ಸಿಗುತ್ತದೆ. ಮಕ್ಕಳಿಗಾಗಿ ಹುಳ, ಮಳೆ, ಮಣ್ಣಿನ ಬಗ್ಗೆ ಬರೆಯುವ ನನ್ನಂಥವರಿಗೆ ಹಾಗಲ್ಲ. ಅದಕ್ಕೇ ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ಶುರು ಮಾಡಿದ ಮಕ್ಕಳ ಪುಸ್ತಕಗಳ ಜಾಲತಾಣ ಸ್ಟೋರಿವೀವರ್ ನನಗೆ ತುಂಬಾ ಇಷ್ಟ. ಓದಲು, ಬರೆಯಲು ದುಡ್ಡು ಕೊಡಬೇಕಿಲ್ಲ.

ಪುಸ್ತಕಗಳನ್ನು ಹಂತಗಳಾಗಿ ಜೋಡಿಸಿದ್ದಾರೆ. ಮೊದಲ ಹಂತಕ್ಕೆ 250 ಪದದ ಒಳಗೆ, ಎರಡನೆಯದಕ್ಕೆ 600ರ ಒಳಗೆ. ಈ ಮಿತಿಯೇ ದೊಡ್ಡ ಪಾಠ. ಉದಾಹರಣೆಗೆ, ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಕಂಬಳಿಹುಳುಗಳನ್ನು ಕುಟುಕಿ, ಅಲುಗಾಡದಂತೆ ಮಾಡಿ, ಮರಿಗೆ ಬುತ್ತಿಯಾಗಿ ತುಂಬಿಡುತ್ತದೆ. ಇಷ್ಟನ್ನೂ 250 ಪದದಲ್ಲಿ ಹೇಳಿ ನೋಡಿ! ಯಾವುದು ಬೇಕು, ಯಾವುದು ಜಾಸ್ತಿ ಆಯ್ತು ಅಂತ ತಾನಾಗಿಯೇ ಗೊತ್ತಾಗುತ್ತದೆ. ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿ ಇರುವುದರಿಂದ ಬೇರೆಯವರ ಪುಸ್ತಕ ಅನುವಾದಿಸಬಹುದು, ಚಿತ್ರ ಬಳಸಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಲೇಬೇಕು.

ಆದರೆ ಗುರುವಿನ ಜಾಗವನ್ನು ಇದು ತುಂಬುವುದಿಲ್ಲ. ಯಾರು ಬೇಕಾದರೂ ಪ್ರಕಟಿಸುವ ಕಡೆ ತಪ್ಪು ಮಾಹಿತಿಯೂ ನುಸುಳಬಹುದು ಅಲ್ವಾ? ನನ್ನ ಕರಡುಗಳನ್ನು ನಿವೃತ್ತ ಜೀವಶಾಸ್ತ್ರದ ಮೇಷ್ಟ್ರೊಬ್ಬರು ಓದುತ್ತಾರೆ. "ತಾಯಿ ಹುಳಕ್ಕೆ ಮರಿ ಮೇಲೆ ಪ್ರೀತಿ ಅಂತ ಬರೀಬೇಡಮ್ಮ. ಅದು ಏನು ಮಾಡಿತು ಅಂತ ಬರಿ" ಎಂದರು. ಆ ಮಾತು ಯಾವ ಜಾಲತಾಣದಲ್ಲೂ ಸಿಗುವಂಥದ್ದಲ್ಲ. ಆಮೇಲೆ ನಮ್ಮೂರ ಶಾಲೆಯ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಓದಿ ಹೇಳುತ್ತೇನೆ. ಅವರು ಎಲ್ಲಿ ಆಕಳಿಸುತ್ತಾರೋ ಆ ಸಾಲು ತೆಗೆಯುತ್ತೇನೆ.

ಹೊಸದಾಗಿ ಬರೆಯುವವರು ಮೊದಲು ಇಲ್ಲಿ ಒಂದು ವಿಜ್ಞಾನದ ಪುಸ್ತಕ ಅನುವಾದ ಮಾಡಿ. ಕರಡು ಓದಿ ನೇರವಾಗಿ ಹೇಳುವ ಇಬ್ಬರು ಮೂವರನ್ನು ನಿಮ್ಮ ಊರಲ್ಲೇ ಹುಡುಕಿಕೊಳ್ಳಿ.